ಕೋಚ್‌ಗೆ ಒಗ್ಗದ ಹುಡುಗರು

1975–76ರ ಸೀಸನ್‌ನಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡ ಆಡಿದ 32 ಪಂದ್ಯಗಳನ್ನೂ ಗೆದ್ದಿತು. ಒಂದೂ ಸೋಲಿಲ್ಲದೆ ಅಮೆರಿಕದ ಕಾಲೇಜು ಚಾಂಪಿಯನ್ ಆದ ಪುರುಷರ ತಂಡ ಅದರ ನಂತರ 2025ರವರೆಗೂ ಇನ್ನೊಂದು ಬಂದಿರಲಿಲ್ಲ. ಅದೇ ಚಳಿಗಾಲದಲ್ಲಿ, ಅದೇ ರಾಜ್ಯದ ಟೆರೆ ಹೋಟ್ ಊರಿನ ಇಂಡಿಯಾನಾ ಸ್ಟೇಟ್ ಎಂಬ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಬರ್ಡ್ ಎಂಬ ಹುಡುಗ ಒಂದು ಪಂದ್ಯವನ್ನೂ ಆಡದೆ ಕೂತಿದ್ದ. ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಸೇರಿದ ಆಟಗಾರ ಒಂದು ವರ್ಷ ಹೊರಗೆ ಕೂರಬೇಕು ಎಂಬುದು ಆಗಿನ ನಿಯಮ. ಅವನು ಬಿಟ್ಟು ಬಂದದ್ದು ಆ ಸೋಲಿಲ್ಲದ ಇಂಡಿಯಾನಾ ತಂಡವನ್ನೇ.

ಬರ್ಡ್ ಬೆಳೆದದ್ದು ಫ್ರೆಂಚ್ ಲಿಕ್ ಎಂಬ ಪುಟ್ಟ ಊರಿನಲ್ಲಿ, ಬಡವರ ಮನೆಯಲ್ಲಿ. 1974ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯವಿರುವ ಬ್ಲೂಮಿಂಗ್ಟನ್‌ಗೆ ಬಂದಾಗ ಮೂವತ್ತು ಸಾವಿರ ವಿದ್ಯಾರ್ಥಿಗಳ ಕ್ಯಾಂಪಸ್ ನೋಡಿ ದಿಕ್ಕು ತೋಚದಂತಾಯಿತು. ಜೇಬಿನಲ್ಲಿ ದುಡ್ಡಿಲ್ಲ, ಹಾಕಿಕೊಳ್ಳಲು ನಾಲ್ಕು ಬಟ್ಟೆಯಿಲ್ಲ. ತಿಂಗಳು ತುಂಬುವ ಮೊದಲೇ ಗಂಟುಮೂಟೆ ಕಟ್ಟಿಕೊಂಡು, ಹೆದ್ದಾರಿಯಲ್ಲಿ ಸಿಕ್ಕ ಗಾಡಿ ಹತ್ತಿ ಮನೆಗೆ ಹೋಗಿಬಿಟ್ಟ. ಊರಿನ ಪುರಸಭೆಯ ಕೆಲಸಕ್ಕೆ ಸೇರಿ ಕಸದ ಲಾರಿಯ ಹಿಂದೆ ಓಡಾಡಿದ, ರಸ್ತೆ ರಿಪೇರಿ ಮಾಡಿದ. ಆ ಕೆಲಸ ತನಗೆ ಬಹಳ ಇಷ್ಟವಾಗಿತ್ತು ಎಂದು ಮುಂದೆ ಹೇಳಿಕೊಂಡಿದ್ದಾನೆ. ಆಮೇಲೆ ಇಂಡಿಯಾನಾ ಸ್ಟೇಟ್‌ಗೆ ಸೇರಿದ, ಒಂದು ವರ್ಷ ಕೂತ, ಎದ್ದು ಆಡಿದ. 1979ರಲ್ಲಿ ಆ ತಂಡ 33 ಪಂದ್ಯ ಗೆದ್ದುಕೊಂಡು ಫೈನಲ್‌ಗೆ ಬಂದು, ಮ್ಯಾಜಿಕ್ ಜಾನ್ಸನ್ ಇದ್ದ ಮಿಷಿಗನ್ ಸ್ಟೇಟ್ ಎದುರು ಸೋತಿತು. ಟಿವಿಯಲ್ಲಿ ಆ ಪಂದ್ಯ ಗಳಿಸಿದ ರೇಟಿಂಗನ್ನು ಬೇರೆ ಯಾವ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯವೂ ಮೀರಿಲ್ಲ.

ಇಂಡಿಯಾನಾದ ಕೋಚ್ ಆಗ ಬಾಬ್ ನೈಟ್. ಬರ್ಡ್ ನೈಟ್ ಜೊತೆ ಜಗಳವಾಡಲಿಲ್ಲ. ಜಗಳವಾಗುವಷ್ಟು ಮಾತೇ ಇಬ್ಬರ ನಡುವೆ ನಡೆದಿರಲಿಲ್ಲ. ಆ ಹುಡುಗನಿಗೆ ಏನು ಬೇಕಿತ್ತೆಂದು ತಾನು ಗಮನಿಸಲಿಲ್ಲ, ಅದು ತನ್ನ ದೊಡ್ಡ ತಪ್ಪುಗಳಲ್ಲಿ ಒಂದು ಎಂದು ನೈಟ್ ಮುಂದೆ ಒಪ್ಪಿಕೊಂಡರು. ಅಷ್ಟು ಸುಲಭವಾಗಿ ಏನನ್ನೂ ಒಪ್ಪಿಕೊಳ್ಳುವ ಮನುಷ್ಯ ಅವರಲ್ಲ. ಹಾಗಾಗಿ ಆ ಮಾತಿಗೆ ನಾನು ಬೆಲೆ ಕೊಡುತ್ತೇನೆ.

ನೈಟ್ ಕಲಿಸುತ್ತಿದ್ದ ಆಟಕ್ಕೆ ಮೋಷನ್ ಅಫೆನ್ಸ್ ಎನ್ನುತ್ತಾರೆ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಇಲ್ಲದಿದ್ದರೆ ಹುಡುಗರು ಯಾಕೆ ಓಡಿಹೋಗುತ್ತಿದ್ದರು ಎನ್ನುವುದೂ, ಉಳಿದವರು ಯಾಕೆ ಅವರನ್ನು ದೇವರಂತೆ ಕಂಡರು ಎನ್ನುವುದೂ ತಿಳಿಯುವುದಿಲ್ಲ. ಮೊದಲೇ ಬರೆದಿಟ್ಟ ನಡೆಗಳು ಅದರಲ್ಲಿಲ್ಲ. ಚೆಂಡು ಪಾಸ್ ಮಾಡಿದವನು ನಿಂತಲ್ಲೇ ನಿಲ್ಲುವಂತಿಲ್ಲ. ರಿಂಗ್ ಕಡೆ ನುಗ್ಗಬೇಕು, ಇಲ್ಲವೇ ಹೋಗಿ ಜೊತೆಗಾರನಿಗಾಗಿ ಸ್ಕ್ರೀನ್ ಹಾಕಬೇಕು, ಅಂದರೆ ಅವನನ್ನು ಕಾಯುತ್ತಿರುವ ಎದುರಾಳಿಗೆ ಅಡ್ಡ ನಿಲ್ಲಬೇಕು. ಆ ಎದುರಾಳಿ ಬೆನ್ನಿಗಂಟಿಕೊಂಡೇ ಸ್ಕ್ರೀನನ್ನು ಬಳಸಿ ಬಂದರೆ ಜೊತೆಗಾರ ಒಳಕ್ಕೆ ಸುತ್ತಿ ತಿರುಗಬೇಕು. ಎದುರಾಳಿ ಅಡ್ಡದಾರಿ ಹಿಡಿದು ಮುಂದೆ ಹೋಗಿ ಕಾಯಲು ನೋಡಿದರೆ, ಹಿಂದಕ್ಕೆ ಸರಿದು ಮೂಲೆಗೆ ಜಾರಬೇಕು. ಇದನ್ನು ಕೋಚ್ ಹೊರಗಿನಿಂದ ಕೂಗಿ ಹೇಳಲಾರರು. ಕಣ್ಣು ಮಿಟುಕಿಸುವುದರೊಳಗೆ ಹುಡುಗನೇ ನೋಡಿ ತೀರ್ಮಾನಿಸಬೇಕು, ಆ ತೀರ್ಮಾನವನ್ನು ಉಳಿದ ನಾಲ್ವರೂ ಅದೇ ಗಳಿಗೆಯಲ್ಲಿ ಓದಬೇಕು. ಐವರಲ್ಲಿ ಒಬ್ಬ ಮೈಮರೆತರೂ ಎಲ್ಲ ಕೆಟ್ಟಿತು.

ಸರಿಯಾಗಿ ಕೂಡಿಬಂದಾಗ ಇದಕ್ಕಿಂತ ಸೊಗಸಾದ ಬಾಸ್ಕೆಟ್‌ಬಾಲ್ ಇಲ್ಲ ಎಂದೇ ನನ್ನ ಅನಿಸಿಕೆ. ಆದರೆ ಹೈಸ್ಕೂಲಿನಲ್ಲಿ ದಿನವಿಡೀ ಚೆಂಡು ತನ್ನ ಕೈಯಲ್ಲೇ ಇಟ್ಟುಕೊಂಡು, ಪಂದ್ಯಕ್ಕೆ ಮೂವತ್ತು ಪಾಯಿಂಟ್ ಹೊಡೆದು ಬಂದ ಹದಿನೆಂಟರ ಹುಡುಗನನ್ನು ನೆನೆಯಿರಿ. ಇಲ್ಲಿ ಅವನು ಚೆಂಡಿಲ್ಲದೆ ಓಡಬೇಕು, ಇನ್ನೊಬ್ಬನಿಗಾಗಿ ಅಡ್ಡ ನಿಂತು ಪೆಟ್ಟು ತಿನ್ನಬೇಕು, ತಪ್ಪಿದರೆ ಎಲ್ಲರೆದುರು ಬೈಗುಳ ಕೇಳಬೇಕು. ನೈಟ್ ಅವರ ಬೈಗುಳ ಸಾಮಾನ್ಯದ್ದಲ್ಲ. 1985ರಲ್ಲಿ ಪರ್ಡ್ಯೂ ವಿರುದ್ಧದ ಪಂದ್ಯದಲ್ಲಿ ರೆಫರಿ ಮೇಲಿನ ಸಿಟ್ಟಿಗೆ ಕುರ್ಚಿ ಎತ್ತಿ ಕೋರ್ಟಿನೊಳಕ್ಕೆ ಎಸೆದ ಮನುಷ್ಯ ಅವರು.

ಇಂಡಿಯಾನಾ ರಾಜ್ಯದವರಿಗೆ ಈ ಹಠಮಾರಿ ಕೋಚ್ ಎಂಬ ವ್ಯಕ್ತಿಯ ಮೇಲೆ ಒಂದು ಬಗೆಯ ಭಕ್ತಿ ಇದೆ. 1986ರ ‘ಹೂಸಿಯರ್ಸ್’ ಸಿನಿಮಾ ನೋಡಿದವರಿಗೆ ಇದು ಗೊತ್ತು. ಹಳ್ಳಿಯ ಶಾಲೆಗೆ ಬಂದ ಹೊಸ ಕೋಚ್, ನಾಲ್ಕು ಪಾಸ್ ಆಗದೆ ಯಾರೂ ಬಾಸ್ಕೆಟ್‌ಗೆ ಎಸೆಯಕೂಡದು ಎಂದು ಕಟ್ಟಪ್ಪಣೆ ಮಾಡುತ್ತಾನೆ. ಮೀರಿದ ಹುಡುಗನನ್ನು ಬೆಂಚಿಗೆ ಕಳಿಸುತ್ತಾನೆ. ಕೊನೆಗೆ ಇನ್ನೊಬ್ಬ ಫೌಲಾಗಿ ಹೊರಗೆ ಬಂದಾಗಲೂ ಅವನನ್ನು ಒಳಗೆ ಬಿಡದೆ, ನಾಲ್ವರಲ್ಲೇ ಪಂದ್ಯ ಮುಗಿಸುತ್ತಾನೆ. ಸಿನಿಮಾಕ್ಕೆ ಪ್ರೇರಣೆಯಾದ ನಿಜ ಸಂಗತಿ 1954ರದ್ದು. ನೂರಾ ಅರವತ್ತು ಚಿಲ್ಲರೆ ಮಕ್ಕಳಿದ್ದ ಮೈಲನ್ ಹೈಸ್ಕೂಲ್, ಮನ್ಸಿ ಸೆಂಟ್ರಲ್ ಎಂಬ ದೊಡ್ಡ ಶಾಲೆಯನ್ನು 32–30ರಿಂದ ಸೋಲಿಸಿ ರಾಜ್ಯದ ಚಾಂಪಿಯನ್ ಆಯಿತು. ಸಿನಿಮಾದ ಆ ದೃಶ್ಯ ನನಗೂ ಇಷ್ಟವೇ. ಆದರೆ ಬೆಂಚಿನ ಮೇಲೆ ಕೂತ ಆ ಹುಡುಗ ಮಾರನೆಯ ದಿನ ಬೇರೆ ಶಾಲೆಗೆ ಹೋಗುವಂತಿದ್ದರೆ ಕೋಚ್ ಏನು ಮಾಡುತ್ತಿದ್ದ ಎನ್ನುವ ಪ್ರಶ್ನೆ ಬಿಡದೆ ಕಾಡುತ್ತದೆ.

ಇಂಡಿಯಾನಾದಿಂದ ಹೋದವರು ಬಹಳ ಮಂದಿ. 1987ರಲ್ಲಿ ಚಾಂಪಿಯನ್ ಆದ ತಂಡದ ರಿಕಿ ಕ್ಯಾಲೋವೇ ಮುಂದಿನ ವರ್ಷ ಕ್ಯಾನ್ಸಸ್‌ಗೆ ಹೊರಟ. ಲಾರೆನ್ಸ್ ಫಂಡರ್‌ಬರ್ಕ್ ಸೀಸನ್ ನಡುವೆಯೇ ಬಿಟ್ಟು ಒಹಾಯೊ ಸ್ಟೇಟ್ ಸೇರಿದ. ತೊಂಬತ್ತರ ದಶಕದ ಕೊನೆಯಲ್ಲಂತೂ ಒಬ್ಬರ ಹಿಂದೆ ಒಬ್ಬರು. ಹೋದವರ ಬಗ್ಗೆ ಊರಿನ ಮಾತು ಒಂದೇ: ಹುಡುಗ ಮೆತ್ತಗೆ, ಕಷ್ಟಕ್ಕೆ ಹೆದರಿದ.

ನೀಲ್ ರೀಡ್ ಕೂಡ ಈ ಮಾತು ಕೇಳಬೇಕಾಯಿತು. 1997ರಲ್ಲಿ ಅವನು ಇಂಡಿಯಾನಾ ಬಿಟ್ಟು ಸದರ್ನ್ ಮಿಸಿಸಿಪ್ಪಿಗೆ ಹೋದ. ಅಭ್ಯಾಸದ ವೇಳೆ ನೈಟ್ ತನ್ನ ಕುತ್ತಿಗೆಗೆ ಕೈಹಾಕಿದರು ಎಂದು 2000ದಲ್ಲಿ ಬಹಿರಂಗವಾಗಿ ಹೇಳಿದಾಗ ಹಲವರು ನಂಬಲಿಲ್ಲ. ಹೆಚ್ಚು ದಿನ ಕಳೆಯುವ ಮೊದಲೇ ಆ ಅಭ್ಯಾಸದ ವಿಡಿಯೋ ಟಿವಿಯಲ್ಲಿ ಬಂತು. ಕೋಚ್ ಅವರ ಕೈ ಹುಡುಗನ ಕುತ್ತಿಗೆಯ ಮೇಲೆ ಇತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷ ಮೈಲ್ಸ್ ಬ್ರ್ಯಾಂಡ್ ನೈಟ್ ಅವರನ್ನು ಕೆಲಸದಿಂದ ತೆಗೆದರು. ಅದನ್ನು ವಿರೋಧಿಸಿ ಸಾವಿರಾರು ವಿದ್ಯಾರ್ಥಿಗಳು ಅಧ್ಯಕ್ಷರ ಮನೆಗೆ ಮೆರವಣಿಗೆ ಹೋದರು. ರೀಡ್ ಮುಂದೆ ಕ್ಯಾಲಿಫೋರ್ನಿಯಾದ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿ, ಕೋಚ್ ಆಗಿ ದುಡಿದು 2012ರಲ್ಲಿ, ಇನ್ನೂ 36ರ ವಯಸ್ಸಿಗೆ ತೀರಿಕೊಂಡ. ಅವನ ಹೆಸರನ್ನು ಕುತ್ತಿಗೆಯ ವಿಡಿಯೋಕ್ಕಾಗಿ ಅಲ್ಲ, ಮಕ್ಕಳಿಗೆ ಕಲಿಸಿದವನೆಂದು ನೆನೆಯಬೇಕು ಅನಿಸುತ್ತದೆ.

ಇನ್ನು ನಿಯಮದ ವಿಚಾರ. ಮೊದಲೆಲ್ಲ ಹುಡುಗ ಬೇರೆ ಕಾಲೇಜಿನ ಕೋಚ್ ಜೊತೆ ಮಾತಾಡಬೇಕಾದರೂ ಇದ್ದ ಕಾಲೇಜಿನ ಅನುಮತಿ ಬೇಕಿತ್ತು. ಇಂತಿಂಥ ಕಾಲೇಜಿಗೆ ಹೋಗಕೂಡದು ಎಂದು ತಡೆಯುವ ಕೋಚ್‌ಗಳೂ ಇದ್ದರು. ಕೋಚ್ ಮಾತ್ರ ಹೆಚ್ಚು ಸಂಬಳ ಕಂಡರೆ ಹೊರಟ, ಮಾರನೆಯ ಸೀಸನ್ನಿಗೇ ಹೊಸ ಕಡೆ ಕೆಲಸ ಶುರು. 2018ರ ಅಕ್ಟೋಬರ್‌ನಲ್ಲಿ, ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ, ಕಾಲೇಜು ಬದಲಿಸಬಯಸುವವರ ಹೆಸರು ಪಟ್ಟಿಮಾಡುವ ಟ್ರಾನ್ಸ್‌ಫರ್ ಪೋರ್ಟಲ್ ತೆರೆಯಿತು. ಹುಡುಗ ಕಾಲೇಜಿನ ಕಚೇರಿಗೆ ತಿಳಿಸಿದರೆ ಎರಡು ಕೆಲಸದ ದಿನಗಳೊಳಗೆ ಅವನ ಹೆಸರನ್ನು ಅದರಲ್ಲಿ ಸೇರಿಸಬೇಕು, ಯಾರ ಅಪ್ಪಣೆಯೂ ಬೇಡ. 2021ರಲ್ಲಿ ಒಂದು ಸಲ ಬದಲಿಸಿದರೆ ಹೊರಗೆ ಕೂರಬೇಕಿಲ್ಲ ಎಂದಾಯಿತು. ಮೊಕದ್ದಮೆಗಳ ಒತ್ತಡದಿಂದ 2024ರಲ್ಲಿ, ಓದಿನಲ್ಲಿ ಪಾಸಾಗಿದ್ದರೆ ಎಷ್ಟು ಸಲ ಬೇಕಾದರೂ ಹೋಗಬಹುದು ಎಂದಾಯಿತು. ಜೊತೆಗೆ 2021ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿಕೊಂಡು ದುಡ್ಡು ಸಂಪಾದಿಸಬಹುದು. ಈಗ ಪ್ರತಿ ವಸಂತದಲ್ಲೂ ಸಾವಿರಗಟ್ಟಲೆ ಹುಡುಗರು ಪೋರ್ಟಲ್‌ನಲ್ಲಿರುತ್ತಾರೆ.

ಇದರಿಂದ ಆಟ ಹಾಳಾಯಿತು ಎಂದು ಹಳಬರು ಮರುಗುತ್ತಾರೆ. ನಾನು ಒಪ್ಪುವುದಿಲ್ಲ. ಹೊರಗೆ ಹೋಗಲಾರದೆ ಉಳಿದವನ ವಿಧೇಯತೆಯನ್ನು ಕೋಚ್ ತನ್ನ ದೊಡ್ಡತನ ಎಂದು ತಿಳಿದುಕೊಂಡಿದ್ದರೆ, ಆ ಭ್ರಮೆ ಹರಿದದ್ದು ಒಳ್ಳೆಯದೇ. ಕೋಚ್‌ನ ಶೈಲಿ ಎಷ್ಟೇ ಚೆಂದವಿರಲಿ, ಹುಡುಗ ಮನಸ್ಸಾರೆ ಒಪ್ಪಿ ಆಡಿದರೆ ಮಾತ್ರ ಅದಕ್ಕೆ ಜೀವ.

ಹೇಲಿ ವ್ಯಾನ್ ಲಿತ್ ಕಥೆ ನೋಡಿ. ಲೂಯಿವಿಲ್‌ನಲ್ಲಿ ಅವಳು ಪಾಯಿಂಟ್ ಹೊಡೆಯುವ ಗಾರ್ಡ್. 2023ರಲ್ಲಿ ಕಿಮ್ ಮಲ್ಕಿ ಕೋಚ್ ಆಗಿದ್ದ ಎಲ್‌ಎಸ್‌ಯುಗೆ ಹೋದಳು. ಅಲ್ಲಿ ಪಾಯಿಂಟ್ ಗಾರ್ಡ್ ಕೆಲಸ, ಅಂದರೆ ತಾನು ಹೊಡೆಯುವುದಕ್ಕಿಂತ ತಂಡವನ್ನು ನಡೆಸುವುದು. ಆಟ ಕುಂದಿತು. ಅಯೋವಾ ವಿರುದ್ಧ ಸೋತ ಪಂದ್ಯದಲ್ಲಿ ಅವಳು ಕಾಯುತ್ತಿದ್ದ ಕೇಟ್ಲಿನ್ ಕ್ಲಾರ್ಕ್ 41 ಪಾಯಿಂಟ್ ಹೊಡೆದಳು, ಜಗತ್ತೆಲ್ಲ ವ್ಯಾನ್ ಲಿತ್‌ಳನ್ನು ನೋಡಿ ನಕ್ಕಿತು. ಅವಳು ಟಿಸಿಯುಗೆ ಹೋದಳು. ಅಲ್ಲಿಯೂ ಪಾಯಿಂಟ್ ಗಾರ್ಡ್ ಆಗಿಯೇ ಆಡಿದಳು, ಆದರೆ ಅಲ್ಲಿನ ಕ್ರಮ ಅವಳ ಕೈಗೆ ಸ್ಕ್ರೀನ್ ಮತ್ತು ಚೆಂಡು ಎರಡನ್ನೂ ಒಟ್ಟಿಗೆ ಕೊಟ್ಟಿತು. 2025ರಲ್ಲಿ ಆ ಕಾಲೇಜಿನ ಮಹಿಳಾ ತಂಡ ಮೊದಲ ಬಾರಿಗೆ ಕೊನೆಯ ಎಂಟರೊಳಗೆ ಬಂತು. ಮಲ್ಕಿ ಕೆಟ್ಟ ಕೋಚ್ ಅಲ್ಲ, ಅವಳು ಸೇರುವ ಹಿಂದಿನ ಸೀಸನ್‌ನಲ್ಲಷ್ಟೇ ಚಾಂಪಿಯನ್ ಆದವರು. ಹುಡುಗಿಯೂ ಸೋಮಾರಿಯಲ್ಲ. ಒಗ್ಗಲಿಲ್ಲ, ಅಷ್ಟೇ. ಬರ್ಡ್ ಕಾಲದ ನಿಯಮವಿದ್ದಿದ್ದರೆ ಒಂದು ವರ್ಷ ದಂಡ ತೆರಬೇಕಾಗುತ್ತಿತ್ತೇನೋ.

ಹಾಗೆಂದು ನೋವಿಲ್ಲ ಎನ್ನಲಾರೆ. ವರ್ಜೀನಿಯಾದ ಕೋಚ್ ಟೋನಿ ಬೆನೆಟ್ 2024ರ ಅಕ್ಟೋಬರ್‌ನಲ್ಲಿ, ಸೀಸನ್ ಇನ್ನೇನು ಶುರುವಾಗಬೇಕು ಎನ್ನುವಾಗ ನಿವೃತ್ತಿ ಹೇಳಿದರು. ವಯಸ್ಸು 55. ಅಪ್ಪ ಡಿಕ್ ಬೆನೆಟ್ ಕಟ್ಟಿದ ಪ್ಯಾಕ್ ಲೈನ್ ಡಿಫೆನ್ಸ್ ಅವರದು: ಚೆಂಡಿನ ಮೇಲೆ ಒಬ್ಬ, ಉಳಿದ ನಾಲ್ವರು ರಿಂಗಿನ ಸುತ್ತ ಕಲ್ಪಿಸಿಕೊಂಡ ಗೆರೆಯೊಳಗೆ. ಒಬ್ಬ ಜಾರಿದರೆ ಇನ್ನೊಬ್ಬ ಎಲ್ಲಿಂದ ಬರಬೇಕು ಎನ್ನುವುದು ಮೈಗೂಡಲು ಎರಡು ವರ್ಷವಾದರೂ ಬೇಕು. 2018ರಲ್ಲಿ ಅಗ್ರ ಶ್ರೇಯಾಂಕದಲ್ಲಿದ್ದೂ 16ನೇ ಶ್ರೇಯಾಂಕದ ಯುಎಂಬಿಸಿ ಕೈಯಲ್ಲಿ 20 ಪಾಯಿಂಟ್‌ಗಳಿಂದ ಸೋತು ದೇಶದ ಮುಂದೆ ತಲೆತಗ್ಗಿಸಿದ ಅವರ ತಂಡ, ಬಹುಪಾಲು ಅದೇ ಹುಡುಗರೊಂದಿಗೆ 2019ರಲ್ಲಿ ಚಾಂಪಿಯನ್ ಆಯಿತು. ಆ ಸೋಲಿನ ಮರುದಿನ ಪೋರ್ಟಲ್ ಬಾಗಿಲು ಇಷ್ಟು ಅಗಲ ತೆರೆದಿದ್ದರೆ ಎಷ್ಟು ಜನ ಉಳಿಯುತ್ತಿದ್ದರು? ಈ ಹೊಸ ವ್ಯವಸ್ಥೆಗೆ ತಾನು ತಕ್ಕವನಲ್ಲ ಎಂದು ಬೆನೆಟ್ ಹೇಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಯಾರನ್ನೂ ಹೆದರಿಸದೆ ಕಲಿಸಿದ ಮೇಷ್ಟ್ರು ಅವರು.

ಓದಿನ ಮಾತನ್ನೂ ಆಡಬೇಕು. ಕಾಲೇಜು ಬದಲಿಸಿದಾಗ ಹಿಂದೆ ಪಾಸಾದ ವಿಷಯಗಳೆಲ್ಲ ಹೊಸ ಕಡೆ ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕು ಕಾಲೇಜು ಸುತ್ತಿದ ಹುಡುಗನ ಡಿಗ್ರಿ ಎಲ್ಲೋ ನಡುವೆ ನಿಂತುಬಿಡಬಹುದು. ಎನ್‌ಬಿಎ ಸೇರುವವರು ಬೆರಳೆಣಿಕೆ. ಉಳಿದವರಿಗೆ ಆ ಡಿಗ್ರಿಯೇ ಅನ್ನ. ಹುಡುಗರು ಕ್ಲಾಸಿಗೆ ಚಕ್ಕರ್ ಹೊಡೆಯುವುದನ್ನು ನೈಟ್ ಎಂದೂ ಸಹಿಸಲಿಲ್ಲ. ಆ ಮಟ್ಟಿಗೆ ನಾನು ಅವರ ಪಕ್ಷ.

ಬಾಗಿಲು ತೆರೆದಿದ್ದರೂ ಒಗ್ಗಿ ಉಳಿದವರೂ ಇದ್ದಾರೆ. ಅದೇ ಇಂಡಿಯಾನಾ ರಾಜ್ಯದ ಪರ್ಡ್ಯೂನಲ್ಲಿ ಮ್ಯಾಟ್ ಪೇಂಟರ್ 2005ರಿಂದ ಕೋಚ್. ಎಲ್ಲರೂ ಮೂರು ಪಾಯಿಂಟಿನ ಗೆರೆಯ ಆಚೆ ಆಡುತ್ತಿರುವಾಗ ಅವರು ಎತ್ತರದ ಸೆಂಟರ್ ಆಟಗಾರನನ್ನು ನಡುವೆ ಇಟ್ಟುಕೊಂಡೇ ಆಟ ಕಟ್ಟುತ್ತಾರೆ, ಅದಕ್ಕೆ ಒಗ್ಗುವ ಹುಡುಗರನ್ನೇ ಆರಿಸುತ್ತಾರೆ. ಟೊರೊಂಟೊದಿಂದ ಬಂದ ಏಳಡಿ ನಾಲ್ಕಿಂಚಿನ ಜ್ಯಾಕ್ ಈಡಿ ಮೊದಲೆರಡು ವರ್ಷ ಸರಾಸರಿ ಅರ್ಧಕ್ಕಿಂತ ಹೆಚ್ಚು ಹೊತ್ತು ಬೆಂಚಿನ ಮೇಲೆಯೇ ಇದ್ದ. ಹೋಗಬಹುದಿತ್ತು, ಹೋಗಲಿಲ್ಲ. ಮುಂದಿನ ಎರಡೂ ವರ್ಷ ದೇಶದ ಶ್ರೇಷ್ಠ ಕಾಲೇಜು ಆಟಗಾರನಾದ. 2024ರ ಫೈನಲ್‌ನಲ್ಲಿ ಯುಕಾನ್ ಎದುರು 37 ಪಾಯಿಂಟ್ ಹೊಡೆದರೂ ತಂಡ 75–60ರಲ್ಲಿ ಸೋತಿತು. ಆ ಪಂದ್ಯ ಆಡಿದ ಬ್ರೇಡನ್ ಸ್ಮಿತ್, ಫ್ಲೆಚರ್ ಲಾಯರ್, ಟ್ರೇ ಕೌಫ್‌ಮನ್-ರೆನ್ ಮೂವರೂ ಪೋರ್ಟಲ್ ತೆರೆದಿದ್ದಾಗಲೇ ಪರ್ಡ್ಯೂನಲ್ಲಿ ಉಳಿದು ಕಾಲೇಜಿನ ಕೊನೆಯ ಸೀಸನ್ನಿಗೂ ಅಲ್ಲೇ ಬಂದರು.