ಸೊಗಡವರೆಯ ದಿನಗಳು

ಅವರೆಕಾಯಿ ಕೊಳ್ಳುವವರು ಮೊದಲು ಮೂಸಿ ನೋಡುತ್ತಾರೆ. ಬೆಂಡೆಯ ತುದಿ ಮುರಿದು, ತೆಂಗಿನಕಾಯಿ ಕುಲುಕಿ, ಬದನೆಯನ್ನು ತಿರುಗಿಸಿ ತೂತು ಹುಡುಕಿ ಚೀಲಕ್ಕೆ ಹಾಕಿಕೊಳ್ಳುವ ಜನ, ಡಿಸೆಂಬರ್ ಬಂತೆಂದರೆ ಗೋಣಿತಾಟಿನ ಮೇಲೆ ಸುರಿದ ಹಸಿರು ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಎತ್ತಿ ಮೂಗಿಗೆ ಹಿಡಿಯುತ್ತಾರೆ. ಸಿಪ್ಪೆ ಬೆರಳಿಗೆ ಒಂದಿಷ್ಟು ಅಂಟಬೇಕು, ಕಾಳು ಉಬ್ಬಿ ಕಾಣಬೇಕು, ವಾಸನೆ ಮೂಗಿಗೆ ಹೊಡೆಯಬೇಕು. ‘ಸೊಗಡವರೆ ಅಮ್ಮಾ, ಮಾಗಡಿ ಕಡೇದು’ ಎಂದು ಮಾರುವವರು ಹೇಳುವಷ್ಟರಲ್ಲಿ ಕೊಳ್ಳುವವರ ಮೂಗು ತೀರ್ಮಾನ ಮಾಡಿಬಿಟ್ಟಿರುತ್ತದೆ. ಬೆಂಗಳೂರಿನ ಚಳಿಗಾಲ ನನಗೆ ಶುರುವಾಗುವುದು ಇಲ್ಲಿಂದ.

ಸುಖ ಎಂದರೇನು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ದೊಡ್ಡ ಉತ್ತರವಿಲ್ಲ. ಅವರೆಕಾಯಿ ಇರುವ ದಿನಗಳಲ್ಲಿ ಮನೆ ಹೇಗಿರುತ್ತದೆ ಎಂಬುದನ್ನು ಮಾತ್ರ ಹೇಳಬಲ್ಲೆ.

ಆ ಸೊಗಡು ಬರುವುದು ಸಿಪ್ಪೆಯ ಮೇಲೆ ಜಿನುಗುವ ಒಂದು ಬಗೆಯ ಎಣ್ಣೆಯಂಶದಿಂದ. ರಾತ್ರಿ ಚಳಿ ಬಿದ್ದು, ಬೆಳಗಿನ ಜಾವ ಮಂಜು ಇಳಿದಷ್ಟೂ ಅದು ಗಾಢ. ಹಾಗಾಗಿ ಬಯಲುಸೀಮೆಯ ಹಳ್ಳಿಯವರು ಚಳಿ ಸಾಲದಿದ್ದರೆ ಅವರೆಗೆ ರುಚಿ ಬರುವುದಿಲ್ಲ ಎನ್ನುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ, ತುಮಕೂರು, ಮಂಡ್ಯದ ಕಡೆ ಇದನ್ನು ಮುಂಗಾರಿನಲ್ಲಿ ರಾಗಿಯ ಜೊತೆಗೇ ಅಕ್ಕಡಿ ಸಾಲಿನಲ್ಲಿ ಬಿತ್ತುವುದು ಹಳೆಯ ರೂಢಿ. ಇಷ್ಟು ಸಾಲು ರಾಗಿಗೆ ಒಂದು ಸಾಲು ಅವರೆ, ನಡುವೆ ತೊಗರಿ, ಒಂದಿಷ್ಟು ಹುಚ್ಚೆಳ್ಳು. ರಾಗಿ ಬೆಳೆಯುವಷ್ಟು ದಿನವೂ ಅವರೆ ಬರೀ ಎಲೆ ಬಳ್ಳಿ ಬಿಟ್ಟುಕೊಂಡು ಸುಮ್ಮನಿರುತ್ತದೆ. ಹಗಲು ಗಿಡ್ಡವಾಗುತ್ತ ಬಂದದ್ದು ತಿಳಿದ ಮೇಲೇ ಅದು ಹೂ ಕಟ್ಟುವುದು. ರಾಗಿ ಕೊಯ್ದು ಹೊಲ ಬರಿದಾದ ಮೇಲೆ ಹಿಂದೆ ಉಳಿದ ಸಾಲುಗಳಲ್ಲಿ ಗೊಂಚಲು ಗೊಂಚಲಾಗಿ ಕಾಯಿ ತೂಗುತ್ತದೆ. ಎಷ್ಟು ಗೊಬ್ಬರ ಹಾಕಿದರೂ, ಎಷ್ಟು ನೀರು ಹಾಯಿಸಿದರೂ ನಾಟಿ ಅವರೆಯನ್ನು ಅವಸರ ಮಾಡಿಸಲು ಆಗುವುದಿಲ್ಲ. ಗಿಡವೊಂದು ಹೊತ್ತು ಗೊತ್ತು ನೋಡಿ ನಡೆದುಕೊಳ್ಳುವ ಈ ಪರಿ ನನಗೆ ಪ್ರತಿ ವರ್ಷವೂ ಬೆರಗು ತರುತ್ತದೆ.

ಕಾಯಿ ಮನೆಗೆ ಬಂದ ಸಂಜೆ ಟೀವಿಯ ಮುಂದಿನ ಕುರ್ಚಿಗಳು ಖಾಲಿ. ನಡುಮನೆಯಲ್ಲಿ ಹಳೆಯ ಪಂಚೆ ಹಾಸಿ, ನಡುವೆ ಕಾಯಿ ಗುಡ್ಡೆ ಮಾಡಿ, ಸುತ್ತ ಎಲ್ಲರೂ ಕೂರುತ್ತೇವೆ. ತೊಟ್ಟು ಚಿವುಟಿ ನಾರು ಎಳೆದು, ಅಂಚಿನ ಮೇಲೆ ಹೆಬ್ಬೆರಳು ಒತ್ತಿದರೆ ಕಾಯಿ ಬಿರಿಯುತ್ತದೆ. ಒಳಗೆ ಮೂರೋ ನಾಲ್ಕೋ ಕಾಳು, ಒಂದೊಂದರ ನೆತ್ತಿಯ ಮೇಲೂ ಬಿಳಿಯ ಗೀರು. ಬಲಿತದ್ದು ಒಂದು ಬಟ್ಟಲಿಗೆ, ಎಳೆಯದು ಇನ್ನೊಂದಕ್ಕೆ. ನಡುವೆ ಹಸಿರು ಹುಳವೊಂದು ಮೈ ಮುರಿದುಕೊಂಡು ಹೊರಬಂದರೆ ಮಕ್ಕಳ ಕಿರುಚಾಟ. ಎಲ್ಲರಿಗಿಂತ ಹಿರಿಯರಾದ ಅತ್ತೆ ಮಾತ್ರ ಅದನ್ನು ಸಿಪ್ಪೆಯ ಜೊತೆ ಪಕ್ಕಕ್ಕೆ ಸರಿಸಿ ತಮ್ಮ ಕೆಲಸ ಮುಂದುವರಿಸುತ್ತಾರೆ. ಚೀಲ ತುಂಬ ತಂದ ಕಾಯಿ ಕೊನೆಗೆ ಒಂದು ಪಾತ್ರೆ ಕಾಳಾಗುತ್ತದೆ, ಸಿಪ್ಪೆಯ ರಾಶಿ ಮಾತ್ರ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ. ಬೆರಳ ತುದಿಗಳು ಕಂದು ತಿರುಗಿ, ಎಷ್ಟು ಸೋಪು ಹಚ್ಚಿದರೂ ವಾಸನೆ ಮಾರನೆಯ ದಿನದವರೆಗೂ ಹೋಗುವುದಿಲ್ಲ.

ಅಲ್ಲಿ ಆಗುವ ಮಾತುಕತೆ ಬೇರೆ ಹೊತ್ತಿನಲ್ಲಿ ಆಗುವುದಿಲ್ಲ. ಎದುರುಬದುರು ಕೂತು ‘ಹೇಳು, ಏನಾಯ್ತು’ ಎಂದರೆ ಬಾಯಿ ಬಿಡದ ಹದಿನಾರರ ಹುಡುಗ, ಕಣ್ಣು ಕಾಯಿಯ ಮೇಲಿದ್ದಾಗ ತಾನಾಗಿ ಕಾಲೇಜಿನ ಕಷ್ಟ ಹೇಳಿಕೊಳ್ಳುತ್ತಾನೆ. ಅತ್ತೆ ತಮ್ಮ ತವರಿನ ಕಣದ ಕತೆ ತೆಗೆಯುತ್ತಾರೆ. ನಡುನಡುವೆ ಯಾರೂ ಏನೂ ಆಡದ ಗಳಿಗೆಗಳೂ ಬರುತ್ತವೆ, ಅದನ್ನು ತುಂಬಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಕೈಗೆ ಕೆಲಸವಿದ್ದು ಮನಸ್ಸಿಗೆ ಬಿಡುವಿರುವ ಸ್ಥಿತಿ ನಮ್ಮ ದಿನಗಳಲ್ಲಿ ಎಷ್ಟು ಅಪರೂಪವಾಗಿದೆ! ಕೆಲಸಕ್ಕೆ ಹೋದರೆ ಮನಸ್ಸೂ ಪೂರ್ತಿ ಅಲ್ಲೇ, ಬಿಡುವಾದರೆ ಕೈ ಫೋನನ್ನು ಹುಡುಕುತ್ತದೆ. ಅವರೆ ಎರಡನ್ನೂ ಹದವಾಗಿ ಹಿಡಿದು ಕೂರಿಸುತ್ತದೆ. ಬಿಡಿಸಿದ ಕಾಳು ಈಗ ಪೊಟ್ಟಣದಲ್ಲೂ ಸಿಗುತ್ತದೆ. ಕೆಲಸದಿಂದ ಸುಸ್ತಾಗಿ ಬಂದವರಿಗೆ ಅದು ದೊಡ್ಡ ಉಪಕಾರ. ನಾನು ಮಾತ್ರ ಆದಷ್ಟು ಕಾಯಿಯನ್ನೇ ತರುತ್ತೇನೆ.

ಬಿಡಿಸಿದ್ದು ಅರ್ಧ ಕೆಲಸ. ಹಿತಕಿದ ಬೇಳೆ ಬೇಕೆಂದರೆ ಕಾಳನ್ನು ರಾತ್ರಿಯೆಲ್ಲ ನೆನೆಹಾಕಬೇಕು. ಬೆಳಿಗ್ಗೆ ಅದರ ಸಿಪ್ಪೆ ಸಡಿಲವಾಗಿರುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಹಿತಕಿದರೆ, ಗುರಿಯಿಟ್ಟ ಗೋಲಿಯಂತೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಜೋರು ಮಾಡಿದರೆ ಬೇಳೆ ಒಡೆಯುತ್ತದೆ, ಇಲ್ಲವೇ ಗೋಡೆಗೆ ಹೋಗಿ ಬಡಿಯುತ್ತದೆ. ಒಂದೊಂದನ್ನೇ ಹಿತಕಬೇಕು, ಇದಕ್ಕೆ ಅಡ್ಡದಾರಿ ಇಲ್ಲ. ಗಸಗಸೆ, ಚಕ್ಕೆ, ಲವಂಗ, ಕೊತ್ತಂಬರಿ ಬೀಜ ಹುರಿದು ರುಬ್ಬಿ ಹಾಕಿದ ಸಾರು ಕುದಿಯುವಾಗ ಬೀದಿಯ ಮೂರು ಮನೆಯಾಚೆಗೂ ಗೊತ್ತಾಗುತ್ತದೆ. ಮುದ್ದೆಗೂ ಸರಿ, ಪೂರಿಗೂ ಸರಿ, ಮಾರನೆಯ ಬೆಳಗಿನ ಇಡ್ಲಿಗೆ ಇನ್ನೂ ಸರಿ. ಇಷ್ಟೆಲ್ಲ ಬೆರಳ ದುಡಿಮೆಯ ಸಾರನ್ನು ಯಾರೂ ಗಬಗಬ ತಿನ್ನುವುದಿಲ್ಲ.

ಹೊಯ್ಸಳ ದೊರೆ ವೀರಬಲ್ಲಾಳ ಕಾಡಿನಲ್ಲಿ ದಾರಿ ತಪ್ಪಿ, ಅಜ್ಜಿಯೊಬ್ಬಳು ಕೊಟ್ಟ ಬೆಂದ ಕಾಳು ತಿಂದು ಹಸಿವು ನೀಗಿಸಿಕೊಂಡ, ಅದರಿಂದಲೇ ಈ ಊರಿಗೆ ಬೆಂದಕಾಳೂರು ಎಂಬ ಹೆಸರು ಬಂತು ಎಂಬ ಕತೆ ಎಲ್ಲರಿಗೂ ಗೊತ್ತು. ಇತಿಹಾಸ ಅದನ್ನು ಒಪ್ಪುವುದಿಲ್ಲ. ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ, ಕ್ರಿ.ಶ. 890ರ ಆಸುಪಾಸಿನ ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರಿನ ಹೆಸರಿದೆ. ಆ ಕಲ್ಲು ಹೇಳುವುದು ಒಂದು ಕಾಳಗದ ಸುದ್ದಿ, ಅಲ್ಲಿ ಮಡಿದವನ ಸುದ್ದಿ. ಕಲ್ಲು ಯುದ್ಧವನ್ನು ನೆನಪಿಟ್ಟಿದೆ, ಜನ ಕಾಳನ್ನು ನೆನಪಿಟ್ಟಿದ್ದಾರೆ. ದಿಟ ಯಾವುದೆಂದು ತಿಳಿದ ಮೇಲೂ ಮಕ್ಕಳಿಗೆ ನಾನು ಎರಡನ್ನೂ ಹೇಳುತ್ತೇನೆ. ಹಸಿದವನಿಗೆ ಒಂದು ಹಿಡಿ ಕಾಳು ಬೇಯಿಸಿಕೊಟ್ಟದ್ದೇ ಊರಿನ ಹುಟ್ಟಿಗೆ ಸಾಕಷ್ಟು ದೊಡ್ಡ ಕಾರಣ ಎಂದು ನಂಬಿದವರ ಮನಸ್ಸು ನನಗೆ ಪ್ರೀತಿ.

ಚಳಿಗಾಲದ ಸುಖಕ್ಕೆ ಎಲ್ಲ ಕಡೆಯೂ ಅವರೆಯೇ ಆಗಬೇಕೆಂದಿಲ್ಲ. ಇದೇ ಚಳಿಯಲ್ಲಿ ವಿಜಯಪುರ, ಧಾರವಾಡದ ಕಡೆಯವರು ಹೊಲದಲ್ಲೇ ಬೆಂಕಿ ಹಾಕಿ ಎಳೆಜೋಳದ ತೆನೆ ಸುಟ್ಟು, ಬಿಸಿ ಬಿಸಿ ಸೀತನಿಯನ್ನು ಕೈಯಲ್ಲಿ ತಿಕ್ಕಿ ಊದಿ ಬೆಲ್ಲದ ಜೊತೆ ತಿನ್ನುತ್ತಾರೆ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದಕ್ಕೆ ಕಾಯದೆ ಹೂ ಬಿಡುವ ಹೆಬ್ಬಾಳ ಅವರೆ ತಳಿಗಳನ್ನು ಕೊಟ್ಟ ಮೇಲೆ ಬೇಸಿಗೆಯಲ್ಲೂ ಕಾಯಿ ಬರುತ್ತದೆ. ಬೆಳೆಯುವವರ ಕೈಗೆ ವರ್ಷವಿಡೀ ನಾಲ್ಕು ಕಾಸು ಬರುವುದಾದರೆ ಅದಕ್ಕಿಂತ ಬೇರೆ ಏನು ಬೇಕು. ನನ್ನ ಆಸೆ ಮಾತ್ರ ಚಳಿಯ ಕಾಯಿಗೇ ಕಾಯುತ್ತದೆ. ಸಂಕ್ರಾಂತಿಗೆ ಕಡಲೆಕಾಯಿ, ಗೆಣಸಿನ ಜೊತೆ ಇಡಿಯಾಗಿ ಬೆಂದ ಅವರೆಕಾಯಿಯನ್ನು ಹಲ್ಲಿನಲ್ಲಿ ಎಳೆದು ತಿಂದು, ಶಿವರಾತ್ರಿಯ ಹೊತ್ತಿಗೆ ಸಿಪ್ಪೆ ಒಣಗಿ ಸೊಗಡು ಹೋದ ಮೇಲೆ ಇನ್ನು ಸಾಕು ಎನಿಸುತ್ತದೆ. ಆ ಸಾಕು ಎಂಬುದು ಬೇಸರದಿಂದ ಬಂದದ್ದಲ್ಲ, ಹೊಟ್ಟೆ ಮನಸ್ಸು ಎರಡೂ ತುಂಬಿ ಬಂದದ್ದು.

ತಂಗಿ ಅಮೆರಿಕದಲ್ಲಿದ್ದಾಳೆ. ಅಲ್ಲಿ ಗುಜರಾತಿನವರು ಉಂಧಿಯು ಎಂಬ ಪಲ್ಯಕ್ಕೆ ಬಳಸುವ ಸೂರತಿ ಲಿಲ್ವಾ ಫ್ರೀಜರಿನಲ್ಲಿ ಸಿಗುತ್ತದೆ. ಅದೂ ನಮ್ಮ ಅವರೆಯ ಬಳಗವೇ. ಅವಳ ರಾತ್ರಿ, ನಮ್ಮ ಬೆಳಿಗ್ಗೆ. ಎರಡೂ ಕಡೆ ಫೋನನ್ನು ಡಬ್ಬಕ್ಕೆ ಒರಗಿಸಿಕೊಂಡು ಹಿತಕುತ್ತ ಕೂರುತ್ತೇವೆ. ಸೊಗಡಿಲ್ಲ ಎಂದು ಅವಳು ಒಂದು ಸಲ ಹೇಳುತ್ತಾಳೆ, ಆಮೇಲೆ ಅದರ ಮಾತೇ ಇಲ್ಲ. ಮಸಾಲೆಗೆ ಕೊಬ್ಬರಿ ಹಾಕಬೇಕೋ ಹಸಿ ಕಾಯಿ ಹಾಕಬೇಕೋ ಎಂಬ ವಾದವನ್ನು ಅತ್ತೆಯೊಂದಿಗೆ ಹೋದ ವರ್ಷ ನಿಲ್ಲಿಸಿದ ಕಡೆಯಿಂದಲೇ ಶುರು ಮಾಡುತ್ತಾಳೆ.