ಬೆನ್ನು ಮುಟ್ಟಿ ಕಟ್ಟುವ ಬೆಲೆ

ಇಳಿಹೊತ್ತು. ಸಂತೇಬೆನ್ನೂರಿನ ಹೊರಗೆ ಕೊಯ್ಲಾದ ಭತ್ತದ ಗದ್ದೆಯಲ್ಲಿ ಮಂದೆ ಇಳಿದಿದೆ. ಮಳೆ ಕಮ್ಮಿಯ ಜಗಳೂರು ಕಡೆಯ ಕುರಿಗಳು, ಮೇದು ಬಂದು ಹೊಟ್ಟೆ ಉಬ್ಬಿಸಿಕೊಂಡು ಬಲೆಯೊಳಗೆ ಸೇರುತ್ತಿವೆ. ಹಿಕ್ಕೆಯ ವಾಸನೆ, ಮರಿಗಳ ಅರಚಾಟ. ವ್ಯಾಪಾರಿ ಒಂದು ಟಗರನ್ನು ಹಿಡಿದು ಕೆಳದುಟಿ ಬಿಡಿಸುತ್ತಾನೆ. ಅಗಲವಾದ ಎರಡು ಹಲ್ಲು: ವರ್ಷ ದಾಟಿದೆ, ಎರಡು ತುಂಬಿಲ್ಲ.

ಈಗ ಅವನ ಕೈ ಟಗರಿನ ಸೊಂಟಕ್ಕೆ. ನೀವೂ ಇಟ್ಟು ನೋಡಿ. ಪಕ್ಕೆಲುಬು ಮುಗಿದಲ್ಲಿ, ಬೆನ್ನೆಲುಬಿನ ಎರಡೂ ಬದಿ ಬೆರಳು ಒತ್ತಿ. ಎಲುಬಿನ ತುದಿ ಚುಚ್ಚಿದರೆ ಮಾಂಸ ಕೂತಿಲ್ಲ. ಎಷ್ಟು ಒತ್ತಿದರೂ ಸಿಗದಿದ್ದರೆ ಕೊಬ್ಬು ಏರಿದೆ. ಇದರಲ್ಲಿ ತುದಿ ಉರುಟಾಗಿದೆ, ತುಸು ಒತ್ತಿದರೆ ಸಿಗುತ್ತದೆ. ಕಡಿತಕ್ಕೆ ಇದೇ ಹದ.

"ಎಷ್ಟು ತೂಗ್ತೈತಂತೀರಿ, ಯಜಮಾನ್ರೇ?"

"ಮೂವತ್ತಕ್ಕೆ ಕಮ್ಮಿ ಇಲ್ಲ ತಮ್ಮಾ."

"ಹೊಟ್ಟೆ ತುಂಬ ಮೇಯ್ಸಿ ನಿಲ್ಸೀರಿ. ನಾನು ಇಪ್ಪತ್ತೇಳು ಹಿಡೀತೀನಿ."

ಮೇವು, ನೀರು ತೂಕಕ್ಕೆ ಸೇರುವುದು ನಿಜ. ಆದರೆ ಇಲ್ಲಿ ತಕ್ಕಡಿಯೇ ಇಲ್ಲ. ಮಾತು ಇಪ್ಪತ್ತೇಳಕ್ಕೇ ನಿಲ್ಲುತ್ತದೆ.

ಮಾರನೆಯ ಬೆಳಗ್ಗೆ ಊರೊಳಗಿನ ಅಂಗಡಿಗೆ ಬನ್ನಿ. ರಾತ್ರಿಯಿಡೀ ಟಗರಿಗೆ ಬರೀ ನೀರು, ಗಾಬರಿಗೊಳಿಸದೆ ಕಟ್ಟಿದ್ದಾರೆ. ಬೆದರಿದ, ಬಳಲಿದ ಪ್ರಾಣಿಯ ಮಾಂಸ ಕಪ್ಪಾಗುತ್ತದೆ, ಬೇಗ ಕೆಡುತ್ತದೆ. ತೊಗಲು, ತಲೆಕಾಲು, ರಕ್ತ, ಬೋಟಿ ತೆಗೆದ ಮೇಲೆ ಕೊಕ್ಕೆಯಲ್ಲಿ ಉಳಿಯುವುದು ಜೀವತೂಕದ ನೂರಕ್ಕೆ ಸುಮಾರು 45ರಿಂದ 50 ಪಾಲು. ಮೂತ್ರಪಿಂಡದ ಸುತ್ತ ಬಿಳಿ ಕೊಬ್ಬು ತೆಳ್ಳಗೆ ಕೂತಿದೆ, ತೊಡೆ ತುಂಬಿದೆ.

ಬೆಳೆಯುವ ಮೈಯಲ್ಲಿ ಮೊದಲು ಎಲುಬು, ಆಮೇಲೆ ಮಾಂಸ, ಕೊನೆಗೆ ಕೊಬ್ಬು ಬಲಿಯುತ್ತದೆ. ಹದಿನೈದು ಕೆ.ಜಿ.ಯ ಮರಿಯನ್ನು ದುಡ್ಡಿನ ತುರ್ತಿಗೆ ಕೊಟ್ಟರೆ ಮಾಂಸ ತುಂಬುವ ಮೊದಲೇ ಕೊಟ್ಟಂತೆ, ಅದು ಕುರಿಗಾರನಿಗೆ ದೊಡ್ಡ ನಷ್ಟ. ಹಲ್ಲೆಲ್ಲ ಬಂದು ಬಾಯಿಗೂಡುವವರೆಗೆ ಇಟ್ಟುಕೊಂಡರೂ ಕಷ್ಟ: ಇಳುವರಿ ತುಸು ಏರಬಹುದು, ಆದರೆ ಆಗ ಏರುವ ತೂಕದಲ್ಲಿ ಕೊಬ್ಬೇ ಜಾಸ್ತಿ. ಒಂದು ಕೆ.ಜಿ. ಕೊಬ್ಬು ಕಟ್ಟಲು ಒಂದು ಕೆ.ಜಿ. ಮಾಂಸಕ್ಕಿಂತ ಹೆಚ್ಚು ಮೇವು ಬೇಕು. ಮಾಂಸದ ನಾರೂ ಗಟ್ಟಿಯಾಗುತ್ತದೆ.

ದನವನ್ನು ಮಾಂಸಕ್ಕೆಂದೇ ಸಾಕುವ ಅಮೆರಿಕದಲ್ಲಿ 600 ಕೆ.ಜಿ. ಮುಟ್ಟಿಸಿ, ಮಾಂಸದ ಎಳೆಗಳ ನಡುವೆ ಹರಡಿದ ಕೊಬ್ಬಿಗೆ ಹೆಚ್ಚು ಬೆಲೆ ಕೊಡುತ್ತಾರೆ. ಬೆನ್ನ ಮೇಲೆ ಅತಿಯಾಗಿ ಕೂತದ್ದಕ್ಕೆ ಬೆಲೆ ಇಳಿಸುತ್ತಾರೆ. ನಮ್ಮಲ್ಲಿ ಗೋವಧೆಗೆ 2020ರ ಕಾಯ್ದೆಯ ತಡೆ ಇದೆ. ಮಾಂಸ-ಕೊಬ್ಬಿನ ಈ ಲೆಕ್ಕ ಇಲ್ಲಿ ಕುರಿಯ ಮೈಮೇಲೇ ನಡೆಯಬೇಕು.

"ಕೊಬ್ಬು ಹಾಕ್ಬ್ಯಾಡಣ್ಣ, ತೊಡೆ ಕಡೆದು ಕೊಡು." ಗಿರಾಕಿ ಚೀಲ ಚಾಚುತ್ತಾನೆ. ಅಂಗಡಿಯ ತಕ್ಕಡಿ ಗ್ರಾಂ ಲೆಕ್ಕದಲ್ಲಿ ತೂಗುತ್ತದೆ. ಅಂಥದ್ದೊಂದು ತಕ್ಕಡಿ ಬಲೆಯ ಪಕ್ಕದಲ್ಲೂ ತೂಗಾಡಬೇಕು, ಬೆಳಗ್ಗೆ ಮೇಯಲು ಬಿಡುವ ಮೊದಲೇ ತೂಗಿ ಬೆಲೆ ಮಾತಾಡಬೇಕು. ಮೂವತ್ತರಲ್ಲಿ ಮೂರು ಅಂದಾಜಿನಲ್ಲೇ ಜಾರಿದರೆ, ಹತ್ತು ಟಗರು ಕೊಟ್ಟವನಿಗೆ ಒಂಬತ್ತರ ದುಡ್ಡು ಬರುತ್ತದೆ.