ಊರಿಗಾಂನಿಂದ ಮಕ್ಕಳ ಕೂಟಕ್ಕೆ

ಕೋಲಾರ ಚಿನ್ನದ ಗಣಿ ಪ್ರದೇಶದ ಪುಟ್ಟ ಸ್ಟೇಷನ್ ನಮ್ಮ ಊರಿಗಾಂ. ಮಾರಿಕುಪ್ಪಂ ಬಿಟ್ಟ ರೈಲು ಚಾಂಪಿಯನ್ ದಾಟಿ ಇಲ್ಲಿ ನಿಲ್ಲುತ್ತದೆ. ಮುಂದೆ ಕೋರಮಂಡಲ್, ಬಂಗಾರಪೇಟೆ, ಆಮೇಲೆ ಬೆಂಗಳೂರು. ಗಣಿಗಾಗಿ 1894ರಲ್ಲಿ ಹಾಕಿದ ಹಳಿ ಇದು. 2001ರಲ್ಲಿ ಗಣಿ ಮುಚ್ಚಿತು, ರೈಲು ನಿಲ್ಲಲಿಲ್ಲ. ಈಗ ಬೆಳಗಿನ ರೈಲಿನಲ್ಲಿ ಕೆಲಸಕ್ಕೆ, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳೇ ಎಷ್ಟೋ ಜನ.

ಈ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಬೆಂಗಳೂರಿನ ಚಾಮರಾಜಪೇಟೆಗೆ ಹೋಗಿದ್ದೆ. ಅಲ್ಲಿನ ಮಕ್ಕಳ ಕೂಟವನ್ನು 1938ರಲ್ಲಿ ಕಟ್ಟಿದವರು ಆರ್. ಕಲ್ಯಾಣಮ್ಮ.

“ಅವರು ಟೀಚರಾ ತಾತ?” ಎಂದಳು ಮೊಮ್ಮಗಳು.

“ಪತ್ರಿಕೆಯ ಸಂಪಾದಕಿ ಕಣಮ್ಮ” ಎಂದೆ.

ಕಲ್ಯಾಣಮ್ಮನವರು ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡವರು. ಆಗ ಅಂಥ ಹುಡುಗಿಯರು ಹಬ್ಬ, ಮದುವೆಗಳಲ್ಲಿ ಮುಂದೆ ಬರುವಂತಿರಲಿಲ್ಲ. ಎಷ್ಟೋ ಜನರಿಗೆ ಅಡುಗೆಮನೆಯ ಮೂಲೆಯೇ ಪ್ರಪಂಚ. ಇವರು ಮೂಲೆ ಸೇರಲಿಲ್ಲ. 1921ರಲ್ಲಿ ‘ಸರಸ್ವತಿ’ ಎಂಬ ಮಾಸಪತ್ರಿಕೆ ಆರಂಭಿಸಿದರು.

ಅವರಿಗೂ ಮೊದಲು ಈ ದಾರಿ ತುಳಿದವರು ನಂಜನಗೂಡು ತಿರುಮಲಾಂಬ. 1887ರಲ್ಲಿ ಹುಟ್ಟಿದ ಅವರು ಹದಿನಾಲ್ಕಕ್ಕೇ ವಿಧವೆ. ತಂದೆಯ ಆಸರೆಯಲ್ಲಿ ಮನೆಯಲ್ಲೇ ಓದಿ, 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ, ಬಳಿಕ ‘ಕರ್ನಾಟಕ ನಂದಿನಿ’ ಪತ್ರಿಕೆ ಹೊರತಂದರು.

ಲಂಡನ್ನಿನಲ್ಲಿ ಎಲೈಜಾ ಹೇವುಡ್ 1744ರಲ್ಲೇ ‘ದಿ ಫೀಮೇಲ್ ಸ್ಪೆಕ್ಟೇಟರ್’ ಎಂಬ ಹೆಂಗಸರ ಪತ್ರಿಕೆ ತಂದಿದ್ದರು. ಮದರಾಸಿನಲ್ಲಿ ಕಮಲಾ ಸತ್ಯನಾಥನ್ 1901ರಲ್ಲಿ ‘ದಿ ಇಂಡಿಯನ್ ಲೇಡೀಸ್ ಮ್ಯಾಗಜೀನ್’ ಶುರುಮಾಡಿದರು. ಅವು ಇಂಗ್ಲಿಷ್ ಬಲ್ಲವರಿಗೆ. ಇಂಗ್ಲಿಷ್ ಬಾರದ ನಮ್ಮ ಅಜ್ಜಿಯರಿಗೆ ತಮ್ಮದೇ ಮಾತಿನ ಪತ್ರಿಕೆ ಕೊಟ್ಟವರು ತಿರುಮಲಾಂಬ, ಕಲ್ಯಾಣಮ್ಮನಂಥವರು. ಹೊಸಿಲು ದಾಟಲಾಗದವರ ಮನೆಗೆ ಅಂಚೆಯವನೇ ಪ್ರಪಂಚವನ್ನು ತಂದುಕೊಟ್ಟ.

ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ನನಗೆ ಅಚ್ಚರಿ ಅನ್ನಿಸುವುದು ಅವರ ಬರವಣಿಗೆಯಷ್ಟೇ ಅಲ್ಲ, ಲೆಕ್ಕವೂ ಹೌದು. ಕಾಗದದ ಬಿಲ್ಲು, ಅಚ್ಚಿನ ಕೂಲಿ, ಅಂಚೆ ಖರ್ಚು ತಿಂಗಳು ತಿಂಗಳು ಕಟ್ಟಲೇಬೇಕು. ಚಂದಾ ಹಣ ಬರುವಾಗ ಬರುತ್ತದೆ. ಹೀಗಿದ್ದೂ ‘ಸರಸ್ವತಿ’ ನಾಲ್ಕು ದಶಕ ನಡೆಯಿತು. ಆಸ್ತಿ ಅಡವಿಟ್ಟರೂ ಸಾಲ ಕೊಡಲು ಹಿಂದೆಮುಂದೆ ನೋಡುವಂಥ ವ್ಯವಹಾರ ಅದು!

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಮುತ್ತಜ್ಜಿಗೆ ಓದೋಕೆ ಬರ್ತಿತ್ತಾ ತಾತ?” ಎಂದಳು. ಬರುತ್ತಿತ್ತು. ತಮ್ಮ ಪಾಠ ಒಪ್ಪಿಸುವಾಗ ಬಾಗಿಲ ಹಿಂದೆ ನಿಂತು ಕಲಿತದ್ದಂತೆ.

ಮಕ್ಕಳೇ, ನೀವೂ ಮನೆಯ ಹಿರಿಯರನ್ನು ಕೇಳಿ. ಅವರ ಅಮ್ಮ, ಅಜ್ಜಿ ಅಕ್ಷರ ಕಲಿತದ್ದು ಹೇಗೆ? ಏನೇನು ಓದುತ್ತಿದ್ದರು? ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹೇಳುವವರು ಇರುವಾಗಲೇ ಕೇಳಿಬಿಡಿ.